ಹೆಸರು ಬಂದ ಐತವಾರ

ನನ್ನ ಗಂಡ ಚಂದ್ರಾಮಪ್ಪನನ್ನು ಊರ ಜನ ರೇಡಿಯೋ ಗೌಡ ಎನ್ನುತ್ತಿದ್ದರು. ಗೌಡಕಿಯೇನೂ ನಮ್ಮ ಮನೆಯಲ್ಲಿ ಇರಲಿಲ್ಲ. ನೆಲೋಗಿಯಲ್ಲಿ ಹದಿನಾರು ಎಕರೆ ಒಣ ಹೊಲ, ಪಡಸಾಲೆಯಲ್ಲಿ ಒಂದು ರೇಡಿಯೋ, ಅಷ್ಟೇ. ಹೊಲಕ್ಕೆ ವಾರಕ್ಕೊಮ್ಮೆ ಹೋದರೆ ಹೆಚ್ಚು. ರೇಡಿಯೋದ ಧೂಳನ್ನು ಮಾತ್ರ ದಿನಕ್ಕೆರಡು ಸಲ ಧೋತರದ ಚುಂಗಿನಿಂದ ಒರೆಸುತ್ತಿದ್ದ. ಅಷ್ಟು ಸಲ ನನ್ನ ಮುಖ ನೋಡಿದ್ದರೆ ನಾನು ಇಷ್ಟು ಕಹಿಯಾಗುತ್ತಿರಲಿಲ್ಲವೇನೋ.

ಐತವಾರ ಮುಂಜಾನೆ ಒಂದು ಕಾರ್ಯಕ್ರಮ ಬರುತ್ತಿತ್ತು. ಇಂಥ ಹಾಡು ಬೇಕು ಎಂದು ಕಾರ್ಡು ಬರೆದು ಹಾಕಿದರೆ, ಹಾಡಿನ ಮೊದಲು ರೇಡಿಯೋದ ಅಕ್ಕ ಕೇಳಿದವರ ಹೆಸರು, ಊರು ಓದುತ್ತಿದ್ದಳು. ಹಾಡು ಯಾರಿಗೆ ಬೇಕಾಗಿತ್ತು? ತಮ್ಮ ಹೆಸರು ಗಾಳಿಯಲ್ಲಿ ಹಾರಿ ಬಂದು ತಮ್ಮ ಕಿವಿಗೇ ಬೀಳಬೇಕು. ಈ ಹುಚ್ಚು ನನ್ನ ಗಂಡನೊಬ್ಬನಿಗೇ ಅಲ್ಲ, ಸುತ್ತ ಮೂರು ತಾಲೂಕಿನ ಹತ್ತಾರು ಮಂದಿಗಿತ್ತು. ಅವರೆಲ್ಲ ಒಬ್ಬರಿಗೊಬ್ಬರು ಹೆಸರಿನಿಂದಲೇ ಪರಿಚಯ. ಮುಖ ಕಂಡವರಿಲ್ಲ.

ಎಪ್ಪತ್ತೈದನೆಯ ಇಸವಿಯಲ್ಲಿ ನನ್ನ ಗಂಡನಿಗೆ ಒಂದು ವಿಚಾರ ಹೊಳೆಯಿತು. ರೇಡಿಯೋದಲ್ಲಿ ಕೇಳಿದ ಹೆಸರಿಗೆಲ್ಲ ಊರು, ತಾಲೂಕು ಹಾಕಿ ಕಾರ್ಡು ಬರೆದ. ‘ಬರ್ರಿ, ನಮ್ಮ ಮನಿಯಾಗ ಎರಡು ದಿನ ಇರ್ರಿ, ಐತವಾರ ಕೂಡಿ ಕೇಳೋಣು.’ ಬಂದರು. ಅಫಜಲಪುರದ ಕಿರಾಣಿ ಅಂಗಡಿಯವನು ಬಂದ, ಸೊಲ್ಲಾಪುರದ ಕಡೆಯ ಮಾಸ್ತರ ಬಂದ, ಬಸ್ಸಿನ ಕಂಡಕ್ಟರ ಬಂದ. ಶನಿವಾರ ಸಂಜೆ ಬಸ್ಸಿಗೆ ಇಳಿದು ಸೋಮವಾರ ಹೋಗುವರು. ನಾಲ್ಕು ವರ್ಷದಲ್ಲಿ ಇಪ್ಪತ್ತಾರು ಮಂದಿ. ನನಗೆ ಚೆನ್ನಾಗಿ ನೆನಪಿದೆ, ಇಪ್ಪತ್ತಾರು ಸಲವೂ ಗೋಧಿಯ ಸಿಹಿ ಮಾದಲಿ ಮಾಡಿದ ಕೈ ಇದೇ. ‘ಸಕ್ಕರಿ ಸರಿ ಅದ ಅಕ್ಕಾರ’ ಎಂದವರೂ ನಾಲ್ಕೈದು ಮಂದಿ ಮಾತ್ರ.

ನಮ್ಮ ಪಡಸಾಲೆಯ ಗೋಡೆಗೆ ಒಂದು ರಿವಾಜು ಇತ್ತು. ನಮ್ಮ ಮನೆಯಲ್ಲಿ ಕೂತಿರುವಾಗಲೇ ಯಾವ ಅತಿಥಿಯ ಹೆಸರು ರೇಡಿಯೋದಲ್ಲಿ ಬರುತ್ತದೋ ಅವನ ಹೆಸರನ್ನು ನನ್ನ ಗಂಡ ಕೆಮ್ಮಣ್ಣಿನಿಂದ ಗೋಡೆಯ ಮೇಲೆ ಬರೆಯುತ್ತಿದ್ದ. ಹಾಗೆ ಒಂಬತ್ತು ಹೆಸರು ಇದ್ದವು. ಎಲ್ಲಕ್ಕೂ ಮೇಲೆ, ಎಲ್ಲಕ್ಕೂ ದೊಡ್ಡದಾಗಿ, ಅವನದೇ.

ಎಪ್ಪತ್ತೊಂಬತ್ತರ ಚಳಿಗಾಲದಲ್ಲಿ ಆ ದೊಡ್ಡ ಹೆಸರಿನ ಗಂಟಲು ಕಟ್ಟಿತು. ಹನ್ನೊಂದು ಐತವಾರ ಅದು ರೇಡಿಯೋದಲ್ಲಿ ಬರಲಿಲ್ಲ. ವಾರಕ್ಕೆ ಮೂರು ಮೂರು ಕಾರ್ಡು ಹಾಕಿದ, ಆದರೂ ಇಲ್ಲ. ಮುಖ ಗಂಟು ಹಾಕಿಕೊಂಡು ತಿರುಗುತ್ತಿದ್ದ, ರೊಟ್ಟಿ ಒಂದಿಷ್ಟು ಕರಕಾದರೂ ತಾಟು ಸರಿಸಿ ಏಳುತ್ತಿದ್ದ. ಅಂಥ ಹೊತ್ತಿನಲ್ಲಿ ಆಳಂದದ ದತ್ತಪ್ಪ ಬಂದ.

ದತ್ತಪ್ಪನ ಹೆಸರು ಯಾರಿಗೆ ಗೊತ್ತಿರಲಿಲ್ಲ! ಆರು ವರ್ಷದಿಂದ ಹೆಚ್ಚೂಕಡಿಮೆ ವಾರವಾರವೂ ಬರುತ್ತಿದ್ದ ಹೆಸರು ಅದು. ನಾನು ದೊಡ್ಡ ಆಳನ್ನು ನಿರೀಕ್ಷಿಸಿದ್ದೆ. ಬಂದವನು ನರಪೇತಲ, ಬಗಲಲ್ಲಿ ಒಂದು ಚೀಲ, ಚೀಲದಲ್ಲಿ ಶಾಲೆಯ ಮಕ್ಕಳ ಪಾಟಿ. ಹೊಸ್ತಿಲಲ್ಲಿ ನಿಂತು ಊರಿಗೆಲ್ಲ ಕೇಳುವ ಹಾಗೆ ಕೂಗಿದ:

“ಶರಣ್ರಿ! ನನಗ ಕಿವಿ ಕೇಳಂಗಿಲ್ರಿ. ಏನರೆ ಹೇಳೂದಿದ್ರ ಪಾಟಿ ಮ್ಯಾಲ ಬರೀರಿ.”

ಪಡಸಾಲೆಯಲ್ಲಿ ಕೂತಿದ್ದ ಐದಾರು ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೆರೆಮನೆಯ ರೇವಣಪ್ಪ ಬಾಯಿಗೆ ಟವೆಲ್ಲು ಒತ್ತಿಕೊಂಡು ನಕ್ಕ. ಕಿವುಡನೊಬ್ಬ ರೇಡಿಯೋ ಕೇಳಲು ಆಳಂದದಿಂದ ಎರಡು ಬಸ್ಸು ಬದಲಿಸಿ ಬಂದಿದ್ದ.

ಚಹಾ ಕುಡಿದ ಮೇಲೆ ದತ್ತಪ್ಪ ತಾನೇ ಎಲ್ಲ ಹೇಳಿದ. ಅವನು ಟೇಲರು. ಮಷೀನಿನ ಪಕ್ಕ ರೇಡಿಯೋ ಇಟ್ಟುಕೊಂಡೇ ಹೊಲಿಯುತ್ತಿದ್ದವನು. ಮೂರು ವರ್ಷದ ಹಿಂದೆ ಕ್ಷಯ ಬಂತು. ದವಾಖಾನೆಯಲ್ಲಿ ಸೂಜಿ ಮಾಡಿ ಮಾಡಿ ಜೀವ ಉಳಿಯಿತು, ಆ ಔಷಧಕ್ಕೆ ಕಿವಿ ಹೋದವು. ಕಿವುಡನಿಗೆ ರೇಡಿಯೋ ಯಾಕೆಂದು ಅಣ್ಣ ಅದನ್ನು ಮಾರಿದ. ಆದರೂ ದತ್ತಪ್ಪ ವಾರಕ್ಕೊಂದು ಕಾರ್ಡು ಹಾಕುವುದನ್ನು ಬಿಡಲಿಲ್ಲ.

“ನಮ್ಮಕಿ ಸಾಬವ್ವ ಐತವಾರ ಮುಂಜಾನಿ ಹೊಟೇಲ ಮುಂದ ಹೋಗಿ ನಿಂದರ್ತಾಳ್ರಿ. ಅಲ್ಲಿ ರೇಡಿಯೋ ಹಚ್ಚಿರ್ತಾರ. ಮನಿಗಿ ಬಂದು, ‘ಬಂತು, ನಿಮ್ಮ ಹೆಸರು ಬಂತು’ ಅಂತ ಕೈ ಮಾಡಿ ತೋರಸ್ತಾಳ. ಮೂರು ವರ್ಷ ಆತು, ಒಂದ ವಾರನೂ ಇಲ್ಲ ಅಂದಿಲ್ಲ. ಹಂಗ ದರ ವಾರ ಯಾರದರೆ ಬರ್ತದೇನ್ರಿ? ನನ್ನ ಸಮಾಧಾನಕ್ಕ ಸುಳ್ಳು ಹೇಳ್ತಾಳಂತ ನನಗ ಸಂಶಯ. ಕಿವಿ ಹೋಗಿದ್ದು ಸಹಿಸ್ಕೊಂಡೀನಿ, ಮನಿಯಾಕಿ ನನ್ನ ಸಣ್ಣ ಹುಡುಗನಂಗ ಆಡಸೂದು ಸಹಿಸಾಕ ಆಗಂಗಿಲ್ಲ. ಅದಕ್ಕ ನಿಮ್ಮಲ್ಲಿ ಬಂದೀನಿ. ನೀವು ರೇಡಿಯೋದ ಮಂದಿ, ಹೆಸರಿನ ಕಿಮ್ಮತ್ತು ಗೊತ್ತಿದ್ದವ್ರು. ನಾಳಿ ಬಂತೋ ಇಲ್ಲೋ, ಖರೇ ಅಷ್ಟ ಹೇಳ್ರಿ ಸಾಕು.”

ನನ್ನ ಗಂಡ ಪಾಟಿಯ ಮೇಲೆ ದೊಡ್ಡ ಅಕ್ಷರದಲ್ಲಿ ‘ಆಗಲಿ’ ಎಂದು ಬರೆದ.

ದತ್ತಪ್ಪ ಸಂತೋಷದಿಂದ, ಏನೂ ಕೆಟ್ಟ ಮನಸ್ಸಿಲ್ಲದೆ, ಇನ್ನೊಂದು ಮಾತು ಕೂಗಿದ. “ನನಗ ಕೇಳ್ತಿದ್ದಾಗ ನಿಮ್ಮ ಹೆಸರು ಯಾವಾಗೂ ನನ್ನ ಹೆಸರಿನ ಹಿಂದೇ ಬರ್ತಿತ್ರಿ, ಚಂದ್ರಾಮಪ್ಪಣ್ಣ!” ಎಲ್ಲರೂ ನಕ್ಕರು. ನನ್ನ ಗಂಡ ನಗಲಿಲ್ಲ.

ರಾತ್ರಿ ಊಟಕ್ಕೆ ಮೊದಲು ಆ ಮನುಷ್ಯ ಸುಮ್ಮನೆ ಕೂಡಲಿಲ್ಲ. ನಮ್ಮ ಹರಿದ ದಿಂಬಿನ ಚೀಲಗಳನ್ನು ಕಂಡು, ಸೂಜಿ ದಾರ ಕೇಳಿ ತೆಗೆದುಕೊಂಡು ನಾಲ್ಕನ್ನೂ ಹೊಲಿದುಕೊಟ್ಟ. ನನ್ನ ಸಂಸಾರದಲ್ಲಿ ಬಂದ ಅತಿಥಿಯೊಬ್ಬ ನನಗಾಗಿ ಒಂದು ಕೆಲಸಕ್ಕೆ ಕೈ ಹಾಕಿದ್ದು ಅದೇ ಮೊದಲು. ಹೊಲಿಯುತ್ತಾ ಹೊಲಿಯುತ್ತಾ ಸಾಬವ್ವನ ಮಾತೇ. ಜಡ್ಡಿನಲ್ಲಿ ಬಿದ್ದಿದ್ದಾಗ ಸಾಬವ್ವ ಹೀಗೆ ಮಾಡಿದಳು, ಸಾಬವ್ವ ತನ್ನ ಬೆಂಡೋಲೆ ಬಿಚ್ಚಿ ಕೊಟ್ಟಳು, ಕಿವಿ ಹೋದ ಮೇಲೆ ಸಾಬವ್ವ ಕೈಸನ್ನೆ ಕಲಿತಳು. “ಆಕಿ ಹೇಳೂದು ಖರೇ ಇದ್ರ ನಾ ಊರಿಗಿ ಹೋಗಿ ಆಕಿ ಕಾಲಿಗಿ ಬೀಳಾಂವ್ರಿ ಅಕ್ಕಾರ” ಎಂದ. ನನಗೆ ಆ ಕಾಣದ ಹೆಂಗಸಿನ ಮೇಲೆ ಹೊಟ್ಟೆಕಿಚ್ಚಾಯಿತು. ಮುಚ್ಚಿಡುವುದು ಯಾಕೆ? ಕಿಚ್ಚೇ ಆಯಿತು. ನನಗಾಗಿ ಬಸ್ಸು ಹತ್ತಿದವರಿಲ್ಲ, ನನ್ನ ಮಾತು ಖರೇನೋ ಸುಳ್ಳೋ ಎಂದು ತಲೆ ಕೆಡಿಸಿಕೊಂಡವರೂ ಇಲ್ಲ.

ಐತವಾರ ಬಂತು. ಎಲ್ಲರೂ ಸ್ನಾನ ಮಾಡಿ, ಹಣೆಗೆ ಇಬತ್ತಿ ಹಚ್ಚಿಕೊಂಡು ಕೂತರು. ದತ್ತಪ್ಪ ರೇಡಿಯೋದ ಪಕ್ಕಕ್ಕೇ ಕೂತು ಅದರ ಮೇಲೆ ಅಂಗೈ ಊರಿದ. “ಈಗ ಮಾತು. ಈಗ ಹಾಡು” ಎಂದು ಹೇಳುತ್ತಿದ್ದ. ಅಂಗೈಗೆ ತಾಗುವ ನಡುಕದಲ್ಲೇ ಅವನಿಗೆ ಅಷ್ಟು ಗೊತ್ತಾಗುತ್ತಿತ್ತು. ಮಾತು ಬಂದಾಗ ಕಣ್ಣು ನಮ್ಮ ಮುಖಗಳ ಮೇಲೆ, ಹಾಡು ಬಂದಾಗ ನೆಲದ ಮೇಲೆ.

ಎರಡನೆಯ ಹಾಡಿಗೆ ಮೊದಲು ರೇಡಿಯೋದ ಅಕ್ಕ ಓದಿದಳು. “ವಾರ ತಪ್ಪದೆ ನಮಗೆ ಬರೆಯುವ ಆಳಂದದ ದತ್ತಪ್ಪನವರು.” ಅವನ ಹೆಸರೇ ಮೊದಲು, ಅದೂ ಆ ಮರ್ಯಾದೆಯ ಮಾತಿನೊಂದಿಗೆ. ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ, ಸ್ಪಷ್ಟವಾಗಿ ಕೇಳಿದೆ. ರೇವಣಪ್ಪನ ಮುಖ ಅರಳಿತು, ತೊಡೆ ತಟ್ಟಲು ಕೈಯೆತ್ತಿದ. ದತ್ತಪ್ಪ ಅದನ್ನು ಕಂಡು ಅರ್ಧ ಎದ್ದ.

“ಬಂತೇನ್ರಿ?”

ರೇವಣಪ್ಪ ನನ್ನ ಗಂಡನ ಕಡೆ ನೋಡಿದ. ಉಳಿದವರೂ ನೋಡಿದರು. ನನ್ನ ಗಂಡ ಮುಂದಿನ ಹೆಸರುಗಳಿಗೆ ಕಿವಿಗೊಟ್ಟು ಕೂತಿದ್ದ. ಅವನ ಹೆಸರು ಬರಲಿಲ್ಲ. ಹಾಡು ಶುರುವಾಯಿತು. ಆಗ ಅವನು ದತ್ತಪ್ಪನ ಕಡೆ ತಿರುಗಿ, ನಿಧಾನವಾಗಿ, ಇಲ್ಲವೆಂದು ತಲೆ ಅಲ್ಲಾಡಿಸಿದ. ರೇವಣಪ್ಪನ ಎತ್ತಿದ ಕೈ ತಲೆ ಕೆರೆದುಕೊಳ್ಳಲು ಹೋಯಿತು.

ಕಾರ್ಯಕ್ರಮ ಮುಗಿಯುವವರೆಗೆ ದತ್ತಪ್ಪ ಅಂಗೈ ತೆಗೆಯಲಿಲ್ಲ. ಆಮೇಲೆ ಒಬ್ಬೊಬ್ಬರ ಮುಂದೆಯೂ ಬಾಗಿ, ಮುಖ ನೋಡಿ ಕೇಳಿದ. ಒಬ್ಬೊಬ್ಬರೂ ತಲೆ ಅಲ್ಲಾಡಿಸಿದರು. ಒಬ್ಬನಿಗಂತೂ ಮಜಾ ಬಂದುಬಿಟ್ಟಿತ್ತು, ಎರಡೆರಡು ಸಲ ಅಲ್ಲಾಡಿಸಿದ. ಕೊನೆಗೆ ದತ್ತಪ್ಪ ಅಡುಗೆಮನೆಯ ಬಾಗಿಲಿಗೆ ಬಂದ. ಈ ಸಲ ಕೂಗಲಿಲ್ಲ.

“ಅಕ್ಕಾರ, ನೀವೂ ಕೇಳೀರಲ್ಲ. ಗಣಮಕ್ಕಳು ಒಮ್ಮೊಮ್ಮಿ ಚ್ಯಾಷ್ಟಿ ಮಾಡ್ತಾರ. ನೀವು ಹೇಳ್ರಿ, ಸಾಬವ್ವ ಸುಳ್ಳು ಹೇಳ್ತಾಳೇನು?”

ಪಾಟಿ, ಬಳಪ ನನ್ನ ಕೈಗೆ ಕೊಟ್ಟ. ಅವನ ಬೆನ್ನ ಹಿಂದೆ ನನ್ನ ಗಂಡ ಕಣ್ಣು ಕೆಂಪಗೆ ಮಾಡಿ ನೋಡುತ್ತಿದ್ದ. ಅವನಿಗೆ ಹೆದರಿ ಬರೆದೆ ಎಂದು ಹೇಳಿದರೆ ನೀವು ನಂಬುತ್ತೀರಿ, ಕೇಳಿದ ಹೆಂಗಸರೆಲ್ಲ ನಂಬಿದ್ದಾರೆ. ಆದರೆ ನಾನು ಅವನಿಗೆ ಹೆದರಿ ಬರೆಯಲಿಲ್ಲ. ನಾಲ್ಕನೆಯ ಇಯತ್ತೆ ಓದಿದ ನನ್ನ ಅಕ್ಷರ ದುಂಡಗೆ. ಬರೆದೆ: ‘ಬರಲಿಲ್ಲ.’

ದತ್ತಪ್ಪ ಆ ನಾಲ್ಕು ಅಕ್ಷರವನ್ನು ಬಹಳ ಹೊತ್ತು ನೋಡಿದ. ಅಳಲಿಲ್ಲ. ಪಾಟಿಯನ್ನು ಒರೆಸಲೂ ಇಲ್ಲ, ಟವೆಲ್ಲಿನಲ್ಲಿ ಸುತ್ತಿ ಜೋಪಾನವಾಗಿ ಚೀಲಕ್ಕೆ ಹಾಕಿದ.

“ಆಕಿಗಿ ತೋರಸ್ತೀನ್ರಿ” ಎಂದ.

ಮಾದಲಿ ಬಡಿಸಿದೆ. ಉಂಡ. ‘ಸಕ್ಕರಿ ಸರಿ ಅದ ಅಕ್ಕಾರ’ ಎಂದ. ಸೋಮವಾರದವರೆಗೆ ನಿಲ್ಲದೆ ಅಂದೇ ಮಧ್ಯಾಹ್ನದ ಬಸ್ಸಿಗೆ ಹೊರಟ. ಹೊರಡುವಾಗ ಚೀಲದಿಂದ ಒಂದು ಕಟ್ಟು ಕಾರ್ಡು ತೆಗೆದು ನನ್ನ ಗಂಡನ ಕೈಗಿಟ್ಟ. ರೇಡಿಯೋ ಸ್ಟೇಷನ್ನಿನ ವಿಳಾಸವನ್ನು ಮೊದಲೇ ಬರೆದಿಟ್ಟಿದ್ದ, ಹೊಲಿಗೆ ಹಾಕಿದ ಹಾಗೆ ನೆಟ್ಟಗಿನ ಅಕ್ಷರ. “ನನಗ ಇನ್ನ ಇವು ಬ್ಯಾಡ್ರಿ. ನೀವರೆ ಬರೀರಿ. ನಿಮ್ಮ ಹೆಸರು ಬರ್ಲಿ.” ಗೋಡೆಯ ಮೇಲಿನ ಹೆಸರುಗಳನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಹೋದ.

ಬಸ್ಸು ಹೋದ ಮೇಲೆ ಪಡಸಾಲೆಯಲ್ಲಿ ಬಿದ್ದು ಬಿದ್ದು ನಕ್ಕರು. ರೇವಣಪ್ಪ ಅಂಗೈ ಊರಿ ‘ಈಗ ಮಾತು, ಈಗ ಹಾಡು’ ಎಂದು ಆಡಿ ತೋರಿಸಿದ. ನನಗೂ ನಗು ಬಂತು.

ಆ ಕಾರ್ಡುಗಳಲ್ಲಿ ಮೂರನೆಯದಕ್ಕೇ ನನ್ನ ಗಂಡನ ಹೆಸರು ಬಂತು. ಅಂದು ಓಣಿಗೆಲ್ಲ ಬೆಲ್ಲ ಹಂಚಿದ. ದತ್ತಪ್ಪನ ಹೆಸರು ಆ ಐತವಾರದ ನಂತರ ಎಂದೂ ಬರಲಿಲ್ಲ.

ಯುಗಾದಿಯ ಹೊತ್ತಿಗೆ ಆಳಂದದಿಂದ ಒಂದು ಪತ್ರ ಬಂತು. ನನ್ನ ಗಂಡ ಎಲ್ಲರನ್ನೂ ಕೂಡಿಸಿ ನನ್ನಿಂದ ಓದಿಸಿದ.

‘ಚಂದ್ರಾಮಪ್ಪ ಅಣ್ಣಾವ್ರಿಗೆ, ಗುರುಬಾಯಿ ಅಕ್ಕಾವ್ರಿಗೆ ದತ್ತಪ್ಪನ ಶರಣು. ನಿಮ್ಮ ಉಪಕಾರ ಮರೆಯುವಂಥದಲ್ಲ. ಕಿವುಡನಿಗೆ ಎಲ್ಲರೂ ಸುಳ್ಳು ಹೇಳುತ್ತಾರೆ, ನೀವು ಮಾತ್ರ ಖರೇ ಹೇಳಿದಿರಿ. ಪಾಟಿ ತೋರಿಸಿದಾಗ ಸಾಬವ್ವ ದೇವರಾಣೆ ಮಾಡಿದಳು, ಹೆಸರು ಬರುತ್ತಿತ್ತೆಂದು ಅತ್ತಳು. ಬಾರದ ವಾರವೂ ಒಂದೆರಡು ಸಲ ಬಂತೆಂದು ಹೇಳಿದ್ದುಂಟು, ಉಳಿದದ್ದೆಲ್ಲ ನಿಜ ಎಂದಳು. ಒಂದು ಸುಳ್ಳು ಹೇಳಿದವಳು ನೂರು ಹೇಳುತ್ತಾಳೆ. ನಾನು ಅವಳ ಜೋಡಿ ಮಾತು ಬಿಟ್ಟು ಮೂರು ತಿಂಗಳಾಯಿತು. ಅವಳ ಕೈಸನ್ನೆಯನ್ನೂ ನೋಡುವುದಿಲ್ಲ. ಆದರೂ ಐತವಾರ ಹೊಟೇಲಿನ ಮುಂದೆ ಹೋಗಿ ನಿಲ್ಲುತ್ತಾಳೆ, ಬಂದು ಸುಮ್ಮನೆ ಒಳಗೆ ಹೋಗುತ್ತಾಳೆ. ಪಾಟಿಯನ್ನು ಮಷೀನಿನ ಮೇಲೆ ಮೊಳೆಗೆ ತೂಗು ಹಾಕಿದ್ದೇನೆ. ಅಕ್ಕಾವ್ರ ಅಕ್ಷರ ಇನ್ನೂ ಅಳಿದಿಲ್ಲ.’

ಓದಿ ಮುಗಿಸಿದಾಗ ಯಾರೂ ನಗಲಿಲ್ಲ. ರೇವಣಪ್ಪ ಚಪ್ಪಲಿ ಹುಡುಕಿಕೊಂಡು ಹೊರಗೆ ಹೋದ. ನನ್ನ ಗಂಡ ಪತ್ರವನ್ನು ಇಸಿದುಕೊಂಡು ಮತ್ತೊಮ್ಮೆ ತಾನೇ ಮನಸ್ಸಿನಲ್ಲಿ ಓದಿದ. ಅವನ ಮುಖದಲ್ಲಿ ನಾನು ಏನನ್ನೋ ಹುಡುಕಿದೆ. ಅವನು ಹೇಳಿದ್ದು ಇಷ್ಟೇ:

“ಏ, ಒಂದೀಟು ಗಂಜಿ ಕಾಸ್ಕೊಂಡು ಬಾ ಬೇ. ಇದನ್ನ ಗ್ವಾಡಿಗಿ ಹಚ್ಚೂಣು. ಬಂದ ಮಂದಿಗಿ ನಮ್ಮ ಮನಿ ಎಂಥಾದು ಅಂತ ಗೊತ್ತಾಗ್ಲಿ.”

ಕಾರ್ಡುಗಳು ಇನ್ನೂ ಹದಿನೈದು ಉಳಿದಿದ್ದವು, ಗೂಡಿನಲ್ಲಿ, ನನ್ನ ಕೈಗೆ ಸಿಗುವ ಎತ್ತರದಲ್ಲೇ. ಸ್ಟೇಷನ್ನಿನ ವಿಳಾಸ ಹೊಡೆದುಹಾಕಿ ಆಳಂದದ ವಿಳಾಸ ಬರೆಯಲು ಎಷ್ಟು ಹೊತ್ತು ಬೇಕು? ಒಂದೇ ಒಂದು ಸಾಲು. ಮೊದಲ ವಾರ ನಾಳೆ ಬರೆಯೋಣ ಎಂದುಕೊಂಡೆ. ಆಮೇಲೆ ಹಾಗೆ ಅಂದುಕೊಳ್ಳುವುದನ್ನೂ ಬಿಟ್ಟೆ.

ಗಂಜಿ ಕಾಸಿಕೊಟ್ಟೆ. ಪತ್ರ ಗೋಡೆಗೆ ಅಂಟಿತು. ಅದಾದ ಮೇಲೆ ಹದಿಮೂರು ಮಂದಿ ಅತಿಥಿಗಳು ಬಂದರು. ಎಲ್ಲರೂ ಅದನ್ನು ಓದಿ, ಇಂಥ ಮನೆ ಎಲ್ಲೂ ಸಿಗುವುದಿಲ್ಲ ಎಂದು ಹೊಗಳಿ, ಅದರ ಕೆಳಗೇ ಕೂತು ಉಂಡರು. ಬಡಿಸಿದವಳು ನಾನು.