ಹೊಳೆಗೆ ಬಿಟ್ಟ ಗುಳಿಗೆ

ನಡುರಾತ್ರಿ ಚಿಲಕದ ಸಣ್ಣ ಸದ್ದು. ಎರ್ರೆಮ್ಮ ಎದ್ದು ನೋಡಿದಳು. ಮಗ ದುರುಗೇಶ್ ಬಾಗಿಲ ಬಳಿ ನಿಂತು ಚಿಲಕ ಹಾಕುತ್ತಿದ್ದ, ತೆಗೆಯುತ್ತಿದ್ದ, ಮತ್ತೆ ಹಾಕುತ್ತಿದ್ದ.

“ಯವ್ವಾ, ಹೊರಗಿಂದ ಹಾಕಬೇ. ಇಲ್ಲಾಂದ್ರ ನಿದ್ದಿ ಬರೂದಿಲ್ಲ.”

ಸಂಡೂರಿನಲ್ಲಿ ಅದಿರಿನ ಲಾರಿ ಓಡಿಸುತ್ತಿದ್ದವನು. ಜಗಳದಲ್ಲಿ ಒಬ್ಬನ ಕೈ ಮುರಿದು ಜೈಲು ಸೇರಿದ್ದ. ಬಿಡುಗಡೆಯಾಗಿ ಮರಿಯಮ್ಮನಹಳ್ಳಿಗೆ ಬಂದು ವಾರವಾಗಿತ್ತಷ್ಟೆ. ಆ ರಾತ್ರಿ ಅವ್ವನ ತೊಡೆಯ ಮೇಲೆ ತಲೆಯಿಟ್ಟು, “ಬದುಕೂದ ಬ್ಯಾಡ ಅನ್ನಿಸ್ತದವ್ವಾ” ಎಂದು ಅತ್ತ.

ಬೆಳಿಗ್ಗೆ ಎರ್ರೆಮ್ಮ ಪಕ್ಕದ ಮನೆಯ ಆಶಾ ಕಾರ್ಯಕರ್ತೆ ರೇಣುಕಾದೇವಿಯನ್ನು ಅಡುಗೆಮನೆಗೆ ಕರೆದು, ದನಿ ತಗ್ಗಿಸಿ ಎಲ್ಲ ಹೇಳಿದಳು.

“ಜೈಲಿನಾಗ ಗುಳಿಗಿ ಏನಾರ ತಗೊಂತಿದ್ನಾ, ಅತ್ತಿ?”

“ಹೂನವಾ, ಮನಸ್ಸಿಗೆ, ನಿದ್ದಿಗೆ ಅಂತ. ಬರೂವಾಗ ಗುಳಿಗಿ, ಡಾಕ್ಟರ್ ಚೀಟಿ ಎಲ್ಲಾ ಕೊಟ್ಟು ಕಳ್ಸಿದ್ರು.”

“ಎಲ್ಲಿ ಅದಾವ್ರಿ?”

“ಹೊಳ್ಯಾಗ.”

“ಹೊಳ್ಯಾಗಾ!”

“ಹಂಪಿ ಹೊಳ್ಯಾಗ ಸ್ನಾನ ಮಾಡ್ಸಿ, ಅಂಗಿ, ಚೀಲ ಎಲ್ಲಾ ಗಂಟು ಕಟ್ಟಿ ಬಿಟ್ಟೆ. ಜೈಲಿಂದು ಒಂದೂ ಮನಿ ಹೊಸ್ತಿಲ ದಾಟಬಾರ್ದು ಅಂತ.”

“ಹಂಗಾರ ಮೀನು ಮಸ್ತ್ ನಿದ್ದಿ ಮಾಡ್ತಿರಬೇಕು!” ಎಂದಳು ರೇಣುಕಾದೇವಿ. ಅಳುತ್ತಿದ್ದ ಎರ್ರೆಮ್ಮನಿಗೂ ನಗು ಬಂತು.

“ಅವು ಜೈಲಿನ ಗುಳಿಗಿ ಅಲ್ರಿ ಅತ್ತಿ, ಅವನ ಗುಳಿಗಿ. ಸಕ್ರಿ ಕಾಯಿಲಿಯವ್ರು ಊರು ಬಿಟ್ಟು ಊರಿಗೆ ಬಂದ್ರ ಗುಳಿಗಿ ಬಿಡ್ತಾರೇನ್ರಿ? ಇದೂ ಹಂಗ. ಒಮ್ಮೆಲೆ ಬಿಟ್ರ ಮನಸ್ಸು ಮತ್ತ ಕುಸೀತದ. ಅವನ್ನ ಒಬ್ಬನ್ನ ಬಿಡಬ್ಯಾಡ್ರಿ. ಇವತ್ತ ದವಾಖಾನಿಗೆ ಹೋಗೂಣು.”

“ಓಣ್ಯಾಗ ಹುಚ್ಚ ಅಂತಾರಲ್ಲವಾ?”

“ಓಣಿಗ್ಯಾಕ ಹೇಳ್ತೀರಿ? ಡಾಕ್ಟರಿಗೆ ಹೇಳ್ರಿ.”

ಅವ್ವ, ರೇಣುಕಾದೇವಿಯ ಜೊತೆ ಹೊಸಪೇಟೆಯ ಆಸ್ಪತ್ರೆಗೆ ಬಂದ ದುರುಗೇಶ್ ಬಾಗಿಲಲ್ಲೇ ನಿಂತುಬಿಟ್ಟ. “ಅಕ್ಕಾ, ನನ್ನ ಮತ್ತ ಒಳಗ ಹಾಕ್ತಾರೇನು?”

“ಇಲ್ಲೋ ತಮ್ಮಾ. ಮಾತಾಡಿ ಬಾ, ಬಿಸಿ ಚಾ ಕುಡಿಸ್ತೀನಿ” ಎಂದಳು ರೇಣುಕಾದೇವಿ.

ವೈದ್ಯರು ಅವನ ಮಾತನ್ನು ಸಾವಧಾನವಾಗಿ ಕೇಳಿದರು. ಜೈಲಿನ ವೈದ್ಯರಿಗೆ ಫೋನ್ ಮಾಡಿ ಗುಳಿಗೆಯ ಹೆಸರು ತಿಳಿದುಕೊಂಡು ಮತ್ತೆ ಶುರು ಮಾಡಿಸಿದರು. ಕೆಲವು ವಾರ ಕಳೆದ ಮೇಲೆ ಒಂದು ರಾತ್ರಿ, ದುರುಗೇಶ್ ತಾನೇ ಒಳಗಿನಿಂದ ಒಂದೇ ಸಲ ಚಿಲಕ ಹಾಕಿ ಮಲಗಿದ.

ನಿಮ್ಮವರು ಯಾರಾದರೂ ಜೈಲಿನಿಂದ ಬರುವಾಗ ಗುಳಿಗೆ, ಚೀಟಿ ಎರಡನ್ನೂ ಕೇಳಿ ತನ್ನಿ, ಜೋಪಾನ ಮಾಡಿ. ವೈದ್ಯರು ಹೇಳದೆ ನಿಲ್ಲಿಸಬೇಡಿ. ಒಳಗಿರುವಾಗಲೇ ನಿದ್ದೆ ಇಲ್ಲ, ಮಂಕಾಗಿದ್ದಾರೆ ಅನ್ನಿಸಿದರೆ ಅಲ್ಲಿನ ವೈದ್ಯರಿಗೆ ತಿಳಿಸಿ. ಯಾವ ಹೊತ್ತಿನಲ್ಲಾದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಶಿಕ್ಷೆ ಮುಗಿಸಿ ಬಂದವರಿಗೆ ಬೇಕಾದ್ದು ಆರೈಕೆ; ಅದನ್ನು ಕೊಡಲು ನಾಚಬೇಡಿ.

“ಮಗ ಹೆಂಗದಾನ?” ಎಂದು ಓಣಿಯವರು ಕೇಳಿದರೆ ಎರ್ರೆಮ್ಮ “ಆರಾಮದಾನ್ರಿ” ಎನ್ನುತ್ತಾಳೆ. ಆ ರಾತ್ರಿ ಮಗ ತೊಡೆಯ ಮೇಲೆ ತಲೆಯಿಟ್ಟು ಅತ್ತದ್ದನ್ನು ಹೇಳಬೇಕಾದವರಿಗೆ ಹೇಳಿಯಾಗಿದೆ. ಇನ್ನು ಯಾರಿಗೂ ಹೇಳುವುದಿಲ್ಲವೆಂದು ಅವಳು ನಿರ್ಧರಿಸಿದ್ದಾಳೆ.