ಅರ್ಧ ಸುತ್ತಿದ ಬಾಬಿನ್

ಒಂದು ನಿಮಿಷ ಕೂತು ಪೂರ್ತಿ ಕೇಳಿ, ಆಮೇಲೆ ಬೇಕಾದರೆ ನನ್ನನ್ನೇ ಬೈಯಿರಿ.

ವರ್ಷಗಟ್ಟಲೆ ನೋವು ತಿನ್ನುವವರಿಗೆ ಕೈಪಿಡಿ ಬರೆಯುವುದು ಆಸ್ಪತ್ರೆಯಲ್ಲಿ ನನ್ನ ಕೆಲಸ. ಹಳೆಯ ಕೈಪಿಡಿಯಿಂದ ಜನ ಗಾಳಿ ಬೀಸಿಕೊಳ್ಳುತ್ತಿದ್ದರು, ಓದಿದವರಿಲ್ಲ. ಹೊಸದರ ಕರಡು ಹಿಡಿದು ಚಿಕ್ಕಮ್ಮನ ಹೊಲಿಗೆ ಅಂಗಡಿಗೆ ಓಡಿದೆ. ಅವಳಿಗೆ ಹನ್ನೊಂದು ವರ್ಷದಿಂದ ಸೊಂಟನೋವು. ಮನೆಯವರನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ.

ಓದಿ ನಕ್ಕಳು. "ನಡುನಡುವೆ ವಿಶ್ರಾಂತಿ ತಗೊಳ್ಳಿ ಅಂತ ಬರ್ದಿದೀಯಲ್ಲ, ಹೊಲಿಯೋಕೆ ಕೂತೋಳಿಗೆ ಅದು ನೆನಪಾಗತ್ತೇನೇ? ನೋವು ಕಮ್ಮಿ ಇರೋ ದಿನಾನೇ ನಂಗೆ ಶನಿ. ಹುರುಪಲ್ಲಿ ಆರು ಅಂಗಿ ಹೊಲಿದು, ಮೂರು ದಿನ ಮಲಗ್ತಿದ್ದೆ."

"ಈಗ?"

ಮೆಷಿನ್ನಿನ ಅಡಿಯಿಂದ ಬಾಬಿನ್, ಅಂದರೆ ಕೆಳದಾರ ಸುತ್ತುವ ಪುಟ್ಟ ಸುರುಳಿ, ತೆಗೆದು ತೋರಿಸಿದಳು. "ಅರ್ಧಾನೇ ಸುತ್ತೋದು. ದಾರದ ಉಂಡೆ ಆ ಮೂಲೇಲಿದೆ. ಇದು ಮುಗಿದ್ರೆ ಎದ್ದು ಹೋಗ್ಲೇಬೇಕು. ಪಕ್ಕದ ಕ್ಷೌರದಣ್ಣ ನೋಡಿ ಜಿಪುಣಿ ಅಂತಾನೆ. ಅನ್ಲಿ ಬಿಡು."

ನಾನು ಕುಣಿದುಬಿಟ್ಟೆ. "ಇದೇ ಮೊದಲ್ನೇ ಪುಟ!"

"ಬಾಯ್ಮುಚ್ಚು. ಶಾಲೆ ಸಮವಸ್ತ್ರದ ಆರ್ಡರ್ ಇನ್ನೂ ಕೈಗೆ ಬಂದಿಲ್ಲ. ಸೊಂಟ ಬಿದ್ದೋಳು ಅಂತ ಗೊತ್ತಾದ್ರೆ ಯಾರು ಕೊಡ್ತಾರೆ? ಆಮೇಲೆ ನಿನ್ನ ಪುಸ್ತಕಕ್ಕೆ ಅಂಚು ಹೊಲ್ಕೊಂಡು ಬದುಕ್ಲಾ?"

ಹೆಸರು ಹಾಕದಿದ್ದರೂ ಬಾಬಿನ್ ಎಂದೊಡನೆ ಬೀದಿಗೇ ತಿಳಿಯುತ್ತದೆ. ಯಾರಿಗೂ ಹೇಳಬಾರದೆಂದು ಆಣೆ ಮಾಡಿಸಿಕೊಂಡಳು. ಆ ಪುಟ ಬರೆಯಲಿಲ್ಲ.

ಆಸ್ಪತ್ರೆಯಲ್ಲಿ ಕೈಪಿಡಿ ಹಂಚಿದ ಮೊದಲ ದಿನ ಸಾಲಿನಲ್ಲಿ ಭುಜ ಹಿಡಿದು ನಿಂತವನು ಯಾರು ಅಂತೀರಿ? ಅದೇ ಕ್ಷೌರದಣ್ಣ! ಅವನ ಕಿವಿಗೆ ಬಿದ್ದದ್ದು ಊರಿಗೆ ಡಂಗುರ. ಪುಟ ತಿರುವಿ ವಾಪಸ್ ಇಟ್ಟ.

"ಬಿಡುವು ತಗೋ ಅಂತೀರಿ. ಕುರ್ಚೀಲಿ ಗಿರಾಕಿ ಕೂತಾಗ ಅದು ನೆನಪಿರತ್ತೇನಮ್ಮ?"

ನನ್ನ ನಾಲಿಗೆ ತಡೆಯಲಿಲ್ಲ. "ನೀರು ಚಿಮುಕಿಸೋ ಬಾಟ್ಲಿ ಕಾಲು ಭಾಗ ಮಾತ್ರ ತುಂಬ್ಸಿ, ಅಣ್ಣ. ಖಾಲಿಯಾದಾಗ ಕೈ ಇಳಿಸಿ ತುಂಬ್ಸೋಕೆ ಹೋಗ್ಲೇಬೇಕು."

ಅವನ ಮುಖ ಅರಳಿತು. ಆಮೇಲೆ ಹುಬ್ಬು ಗಂಟಾಯಿತು. "ನೋವು ತಿಂದೋರು ಯಾರಾದ್ರೂ ಮಾಡಿದಾರಾ, ಇಲ್ಲ ನೀನೇ ಕಟ್ಟಿದ್ದಾ? ಹತ್ತು ಜನ ಹತ್ತು ಹೇಳಿ ಸಾಕಾಗಿದೆ. ಮಾಡಿ ಗೆದ್ದೋರಿದ್ರೆ ಮಾತ್ರ ನಂಬ್ತೀನಿ."

"ಇದಾರೆ."

"ಯಾರು?" ಎಂದವನು ಅಲ್ಲೇ ನಿಂತ. "ತಡಿ... ಕಾಲು ಬಾಟ್ಲಿ, ಅರ್ಧ ಬಾಬಿನ್... ನಮ್ಮ ಪಕ್ಕದ ಅಂಗಡಿ ಅಕ್ಕನಾ?"

ಇಲ್ಲ ಎಂದರೆ ಅವನು ನಂಬದೆ ಭುಜ ಹಿಡಿದುಕೊಂಡೇ ಹೋಗುತ್ತಾನೆ. ಹೌದು ಎಂದರೆ ಚಿಕ್ಕಮ್ಮನ ಕೈಗೆ ಇನ್ನೂ ಬರದ ಆರ್ಡರ್ ಹೋಗುತ್ತದೆ. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?