ಕಬಿಲೆಯ ಕೊರಳ ಹಗ್ಗ

ಐವತ್ತೆಂಟನೆಯ ಇಸವಿಯ ಮಳೆಗಾಲ. ಶಿರ್ತಾಡಿಯ ನಮ್ಮ ಮನೆಯಲ್ಲಿ ಆಗ ಹಟ್ಟಿ ತುಂಬ ದನಗಳಿದ್ದವು. ಎಲ್ಲವೂ ಹೇಳಿದಂತೆ ಕೇಳುತ್ತಿದ್ದವು, ಕಬಿಲೆ ಎಂಬ ಒಂದು ಕಡಸು ಬಿಟ್ಟು. ಕಂದು ಮೈ, ತೆಳು ಕಿವಿ. ನಿಂತಲ್ಲೂ ಓಡುವುದಕ್ಕೆ ತಯಾರಾದ ಹಾಗೆ ನಿಲ್ಲುತ್ತಿತ್ತು.

ಹಿಂದಿನ ವರ್ಷ ಅದು ಕರುವಾಗಿದ್ದಾಗ ನನ್ನ ಅಕ್ಕ ಜಲಜಾಕ್ಷಿ ಅದರ ಕೊರಳಿಗೆ ತೆಂಗಿನ ನಾರಿನ ಹಗ್ಗ ಕಟ್ಟಿದ್ದಳು. ಮನೆಯ ಯಜಮಾನರಾಗಿದ್ದ ನಮ್ಮ ಸೋದರಮಾವ ಚಿನ್ನಯ್ಯ ಗೂಟಕ್ಕೆ ಕಟ್ಟಲು ಜೋರಾಗಿ ಎಳೆದರು. ಕರು ಹೆದರಿ ಎಗರಿತು. ಎಳೆದ ತುದಿ ತುಂಡಾಗಿ ಮಾವನ ಕೈಯಲ್ಲಿ ಉಳಿಯಿತು, ಕೊರಳ ಸುತ್ತಿನದು ಕೊರಳಲ್ಲೇ ಉಳಿಯಿತು, ಕರು ಗುಡ್ಡೆ ಹತ್ತಿತು. ಅಂದಿನಿಂದ ಅದು ಹಟ್ಟಿಯ ಒಳಗೆ ಕಾಲಿಡಲಿಲ್ಲ. ಸಂಜೆ ಬಂದರೆ ಹೊರಗೆ ಸೂರಿನ ಅಡಿಯಲ್ಲಿ ಮಲಗುವುದು, ಹಗಲು ಮುದಿ ದನ ಕಾಳಿಯ ಪಕ್ಕ ಬಿಡದೆ ಮೇಯುವುದು. ಮನುಷ್ಯರು ಹತ್ತಿರ ಹೋದರೆ ಓಟ.

ಕರು ಬೆಳೆಯಿತು, ಹಗ್ಗ ಬೆಳೆಯಲಿಲ್ಲ. ಮಳೆಗೆ ನೆನೆದ ನಾರು ಬಿಗಿದು ಚರ್ಮದೊಳಗೆ ಇಳಿಯಿತು. ನೊಣ ಮುತ್ತತೊಡಗಿತು. ಹುಲ್ಲು ನುಂಗುವಾಗ ಅದು ಕೊರಳು ಚಾಚಿ ಕಣ್ಣು ಮುಚ್ಚಿ ನಿಲ್ಲುತ್ತಿತ್ತು. ಹಗ್ಗ ಕಡಿಯದಿದ್ದರೆ ಕಡಸು ಉಳಿಯುವುದಿಲ್ಲ ಎಂದು ನಮಗೆಲ್ಲ ಗೊತ್ತಿತ್ತು. ಕಡಿಯುವ ದಾರಿ ಯಾರಿಗೂ ಗೊತ್ತಿರಲಿಲ್ಲ.

ಮಾವ ತಮಗೆ ತಿಳಿದ ಹಾಗೆ ಮಾಡಿದರು. ಅವರ ಸ್ವರ ದೊಡ್ಡದು. "ಓ ಕಬಿಲೇ" ಎಂದರೆ ಆಚೆಯ ಗುಡ್ಡೆಗೆ ಕೇಳುತ್ತಿತ್ತು. ಮುಂದೆ ದನಕ್ಕೆ ಕುಡಿಸುವ ಮಡ್ಡಿಯ ಬಾಲ್ದಿ, ಬೆನ್ನ ಹಿಂದೆ ಹಗ್ಗ. ನಾನು ಮತ್ತು ಕೆಲಸದ ಹುಕ್ರಪ್ಪ ಎರಡು ಬದಿಯಿಂದ ಅಡ್ಡ. ಕಡಸು ನಮ್ಮಿಬ್ಬರ ನಡುವೆ ನುಗ್ಗಿ, ಕಲ್ಲಿನ ಪಾಗಾರ ಹಾರಿ, ಆಚೆ ಬದಿಯಲ್ಲಿ ಮುಗ್ಗರಿಸಿ ಮೊಣಕಾಲು ಸುಲಿದುಕೊಂಡಿತು.

"ಇನ್ನು ಹಂದಿ ಬಲೆಯೇ ಸೈ. ನಾಲ್ಕು ಜನ ಸೇರಿ ಕೆಡವುವ," ಎಂದರು ಮಾವ.

"ಕೆಡವಿದರೆ ಆ ಕೊರಳಲ್ಲಿ ಉಸಿರು ಉಳಿಯುವುದಿಲ್ಲ ಮಾವ," ಎಂದಳು ಅಕ್ಕ. "ಆ ಗಂಟು ಹಾಕಿದ್ದು ನಾನು. ನಾನೇ ತೆಗೀತೇನೆ. ನೇಜಿ ನೆಟ್ಟು ಮುಗಿಯುವವರೆಗೆ ಬಿಡಿ."

"ಹೇಗೆ ತೆಗೆಯುವುದು? ಅರ್ಜಿ ಕೊಟ್ಟಾ?"

"ಅದರ ಹೆಸರು ಮಾತ್ರ ಯಾರೂ ಕರೆಯಬೇಡಿ. ಹಿಡಿಯಲಿಕ್ಕೆ ಉಂಟಾದರೆ ಮಾತ್ರ ನಾವು ಹೆಸರು ಕರೆಯುವುದು. ಅದಕ್ಕೆ ಅದು ಗೊತ್ತುಂಟು."

ಮಾವ ಬಲೆಯನ್ನು ಅಟ್ಟದಿಂದ ಇಳಿಸಿ ಜಗಲಿಯಲ್ಲಿ ಇಟ್ಟರು.

ಗದ್ದೆಯಲ್ಲಿ ಹೆಂಗಸರು ಸಾಲಾಗಿ ಬಗ್ಗಿ ನೇಜಿ, ಅಂದರೆ ಭತ್ತದ ಸಸಿ, ನೆಡುತ್ತ ಹಿಂದಕ್ಕೆ ಹಿಂದಕ್ಕೆ ಸರಿಯುವುದು ನಮ್ಮ ಕಡೆಯ ಕ್ರಮ. ಅಕ್ಕನೂ ಆ ಸಾಲಿನಲ್ಲಿದ್ದಳು. ಒಂದು ಮಧ್ಯಾಹ್ನ ಗಂಜಿ ಕುಡಿಯುವಾಗ ನನ್ನಲ್ಲಿ ಹೇಳಿದಳು:

"ನಾವು ನೆಡುವಾಗ ಅದು ಗದ್ದೆಯ ಅಂಚಿನ ಹುಣಿಯ ಮೇಲೆ ಬಂದು ನಿಲ್ತದೆ, ನೋಡಿದ್ದೀಯಾ? ಇಷ್ಟು ಜನ ಹಿಂದೆ ಹಿಂದೆ ಅದರ ಹತ್ತಿರವೇ ಹೋಗ್ತೇವೆ. ಓಡುವುದಿಲ್ಲ. ಮೂಗು ಚಾಚಿ ನೋಡ್ತದೆ."

ಆ ಸಂಜೆಯಿಂದ ಅಕ್ಕ ಗುಡ್ಡೆಗೆ ಹೋಗತೊಡಗಿದಳು. ಸೀರೆ ಎತ್ತಿ ಕಟ್ಟಿ, ದನಗಳಿಗೆ ಬೆನ್ನು ಹಾಕಿ, ಬಗ್ಗಿ, ಬರಿ ನೆಲಕ್ಕೆ ಬೆರಳು ಊರುತ್ತ ಹಿಂದಕ್ಕೆ ಸರಿಯುವುದು. ಕೈಯಲ್ಲಿ ನೇಜಿಯೂ ಇಲ್ಲ, ಎಂಥದೂ ಇಲ್ಲ.

ಹುಕ್ರಪ್ಪ ಸುಮ್ಮನಿರುವ ಜನ ಅಲ್ಲ. "ಜಲಜಕ್ಕ, ಇದು ಯಾವ ಭತ್ತ? ನೀರೂ ಬೇಡ, ಗದ್ದೆಯೂ ಬೇಡ. ನಮಗೂ ಒಂದು ಸೇರು ಬೀಜ ಕೊಡಿ."

"ನಿನಗೆ ಕೊಟ್ಟರೆ ಅದು ಸಾರಾಯಿ ಆಗ್ತದೆ," ಎಂದಳು ಅಕ್ಕ, ತಲೆ ಎತ್ತದೆ.

ಮೊದಲು ಕಾಳಿಯ ಬಳಿಗೆ ಸರಿದು ಅದರ ಮೈಗೆ ತಾಗಿಕೊಂಡೇ ಕೆಲಸ ಮಾಡುವಳು. ಕಡಸು ಕಿವಿ ನಿಮಿರಿಸಿದರೆ ಎರಡು ಹೆಜ್ಜೆ ಮುಂದಕ್ಕೆ, ಅಂದರೆ ಅದರಿಂದ ದೂರಕ್ಕೆ, ಹೋಗುವಳು. ಒಂದು ದಿನ ಅದು ತಾನಾಗಿ ಬಂದು ಅವಳ ಬೆನ್ನು ಮೂಸಿತು. ಮತ್ತೊಂದು ದಿನ ಕುತ್ತಿಗೆಯ ಬೆವರು ನೆಕ್ಕಿತು. ಅದರ ನಾಲಗೆ ಅರದ ಹಾಗೆ. ಅಕ್ಕನ ಕುತ್ತಿಗೆ ಕೆಂಪಾಗಿ ಹೋಗಿತ್ತು, ಆದರೆ ಒಮ್ಮೆಯೂ ತಿರುಗಿ ನೋಡಲಿಲ್ಲ. ಆಮೇಲಾಮೇಲೆ ನೆಕ್ಕಿಸಿಕೊಳ್ಳುತ್ತ ಕೈ ಹಿಂದಕ್ಕೆ ಚಾಚಿ ಅದರ ಕೊರಳ ಕೆಳಗಿನ ಗಂಗೆದೊಗಲು ಕೆರೆಯುವಳು. ಅಷ್ಟು ತಾಳ್ಮೆಯನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ.

ನೇಜಿ ಮುಗಿದ ದಿನ ಅಕ್ಕ ಸೊಂಟಕ್ಕೆ ಕಿರುಗತ್ತಿ ಸಿಕ್ಕಿಸಿಕೊಂಡು ಹೋದಳು. ನಾನು ಮರದ ಬುಡದಲ್ಲಿ ಕೂತಿದ್ದೆ. ಕಡಸು ಬಂದು ಅವಳ ಭುಜದ ಮೇಲಿಂದ ಕೊರಳು ಚಾಚಿ ನೆಕ್ಕತೊಡಗಿತು. ಅಕ್ಕ ಮೆಲ್ಲನೆ ಕುಕ್ಕರಗಾಲಲ್ಲಿ ಕೂತಳು. ಎಡಗೈ ಎತ್ತಿ ಬೆರಳನ್ನು ಹಗ್ಗದ ಅಡಿಗೆ ತೂರಿಸಿದಳು. ಕಡಸಿನ ಮೈ ಅದುರಿತು. ಅವಳು ಬೆರಳನ್ನು ಅಲ್ಲೇ ಬಿಟ್ಟು ಸುಮ್ಮನಾದಳು. ಅದು ಮತ್ತೆ ನೆಕ್ಕತೊಡಗಿದ ಮೇಲೆ ಬಲಗೈಯಲ್ಲಿ ಕತ್ತಿ ಎತ್ತಿ, ತನ್ನ ಬೆರಳಿನ ಮೇಲೆಯೇ ಹಗ್ಗ ಕೊಯ್ಯತೊಡಗಿದಳು. ಕಣ್ಣಿಗೆ ಏನೂ ಕಾಣುವುದಿಲ್ಲ, ಎಲ್ಲ ಕೈಯ ಅಂದಾಜು.

ಆಗಲೇ ಮಾವ ಬಲೆ ಹೊತ್ತವರನ್ನು ಕರೆದುಕೊಂಡು ಗುಡ್ಡೆಯ ಆಚೆ ಬದಿಯಿಂದ ಬಂದರು. ಅವರ ಬಾಯಿ ತೆರೆದದ್ದು ನನಗೆ ಕಂಡಿತು. ಸ್ವರ ಹೊರಗೆ ಬರಲಿಲ್ಲ. ಕೈ ಎತ್ತಿ ಹಿಂದಿನವರನ್ನು ನಿಲ್ಲಿಸಿದರು.

ನಾರು ಒಂದೊಂದೇ ಎಳೆ ಕಡಿಯಿತು. ಹಗ್ಗ ಬಿಚ್ಚಿ ಬಂದಾಗ ಅದಕ್ಕೆ ಅಂಟಿದ ಕೂದಲೂ ಬಂತು. ಕಡಸು ಒಮ್ಮೆ ದೀರ್ಘವಾಗಿ ಉಸಿರು ಬಿಟ್ಟಿತು. ನಿಂತಲ್ಲಿಂದ ಕದಲಲಿಲ್ಲ. ಅಕ್ಕ ತೆಂಗಿನ ಗೆರಟೆಯಲ್ಲಿ ತಂದ ಹೊನ್ನೆ ಎಣ್ಣೆಯನ್ನು ಗಾಯಕ್ಕೆ ಸವರುವಾಗ ಅವಳ ಮೊಣಕೈವರೆಗೆ ರಕ್ತ ಇಳಿದಿತ್ತು. ಅದು ಕಡಸಿನದಲ್ಲ, ಅವಳ ಬೆರಳಿನದು. ಬೆರಳು ಕೊಯ್ದಾಗ ಅವಳು ಉಸಿರೆಳೆದದ್ದೂ ನಮಗೆ ಕೇಳಿರಲಿಲ್ಲ.

ಮನೆಗೆ ಹೋಗುವ ದಾರಿ ಅವರಿಬ್ಬರ ಪಕ್ಕದಲ್ಲೇ ಇತ್ತು. ಮಾವ ಆ ದಾರಿ ಹಿಡಿಯಲಿಲ್ಲ. ಬಲೆಯವರನ್ನು ಕರೆದುಕೊಂಡು, ಕಾಲಿನ ಸದ್ದಾಗದ ಹಾಗೆ, ನೀರು ಹರಿಯುವ ತೋಡು ಸುತ್ತಿಕೊಂಡು ಮನೆಗೆ ಹೋದರು.